ಹೊತ್ತು ಮುಳುಗಿದ ಮೇಲಿನ ಹನಿ

ನಿಪ್ಪಾಣಿ
೧೨ ಫೆಬ್ರುವರಿ ೧೯೮೬

ಲೇ ಧನ್ಯಾ,

ಕಾಗವಾಡದ ಮದುವೆಗೆ ಹೋಗಿ ಹೋಳಿಗೆಯ ಜೊತೆಗೆ ಕಾಚಬಿಂದುವನ್ನೂ ಕಟ್ಟಿಸಿಕೊಂಡು ಬಂದವರು ಈ ಸೀಮೆಯಲ್ಲಿ ನಾವಿಬ್ಬರೇ ಇರಬೇಕು. ಮಂಟಪದ ಎದುರಿನ ಸಾಲೆಯಲ್ಲಿ ಕಣ್ಣಿನ ಶಿಬಿರ, ಊಟದ ಪಂಕ್ತಿಗೆ ಇನ್ನೂ ಅರ್ಧ ತಾಸು. 'ಪುಕ್ಕಟೆ ಐತಿ, ನಡಿಯೋ ವಿರ್ಪ್ಯಾ' ಎಂದವನು ನೀನು. ಪುಕ್ಕಟೆ ಸಿಕ್ಕಿದ್ದನ್ನು ಈಗ ಸಾಯುವತನಕ ಸಾಕಬೇಕು.

ಊರ ಮಂದಿಗೆಲ್ಲ ಮೋತಿಬಿಂದು ಬರುತ್ತದೆ. ಮೋತಿ ಎಂದರೆ ಮುತ್ತು, ತೆಗೆಸಿದರೆ ಮುಗಿಯಿತು. ನಮಗೆ ಬಂದದ್ದು ಬರೀ ಕಾಚು, ಗಾಜು; ಡಾಕ್ಟರ ಇಂಗ್ಲಿಷಿನಲ್ಲಿ ಗ್ಲಾಕೋಮಾ. ಮೂವತ್ತು ವರ್ಷ ಕಾಲೇಜಿನಲ್ಲಿ ಹಳಗನ್ನಡ ಕಲಿಸಿದ ನನಗೂ, ಹದಿನೆಂಟು ಎಕರೆ ಕಬ್ಬು ಬೆಳೆಯುವ ನಿನಗೂ ದೇವರು ಮಾಡಿದ ಸತ್ಕಾರ ನೋಡು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆಯಂತೆ. ಹೆಂಡತಿ ರುಕ್ಮವ್ವನ ಒತ್ತಡ ನನಗೆ ಗೊತ್ತಿತ್ತು, ಪ್ರಿನ್ಸಿಪಾಲರದೂ ಗೊತ್ತಿತ್ತು. ಇದು ಮಾತ್ರ ಸದ್ದಿಲ್ಲದೆ ಬಂದು ಕೂತಿದೆ.

ಆ ಡಾಕ್ಟರು ಅಂದದ್ದು ನೆನಪಿದೆಯಲ್ಲ? 'ನೋವಿಲ್ಲ, ಕೆಂಪಿಲ್ಲ, ನಿಮಗ ಗೊತ್ತ ಆಗೂದಿಲ್ಲ. ಅಂಚಿನಿಂದ ಕತ್ತಲಿ ಒಳಗ ಸರಕೋತ ಬರತೈತಿ. ಹೋದ ನೋಟ ಯಾರ್ ಬಂದ್ರೂ ತಿರುಗಿ ಕೊಡೂದಿಲ್ರಿ. ಹನಿ ಹಾಕ್ಕೊಂಡ್ರ ಇದ್ದದ್ದು ಉಳೀತೈತಿ.' ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹತ್ತು. ಬಿಂದುವಿಗೆ ಬಿಂದುವೇ ಮದ್ದು. ತಪಾಸಣೆಗೆ ನಾನು ಕೊಲ್ಲಾಪುರಕ್ಕೆ ಹೋಗುತ್ತೇನೆ, ನೀನು ಮಿರಜಕ್ಕೆ ಹೋಗು. ಒಬ್ಬರಿಗೊಬ್ಬರು ಒತ್ತಡದ ಅಂಕಿ ಬರೆದು ತಿಳಿಸೋಣ. ಹಾಸ್ಟೆಲಿನಲ್ಲಿ ಗಣಿತದ ಮಾರ್ಕು ಮುಚ್ಚಿಟ್ಟಂತೆ ಇದನ್ನು ಮುಚ್ಚಿಡಬೇಡ.

ನಿನ್ನ
ವಿರುಪಾಕ್ಷ


ಶಿರಗುಪ್ಪಿ
೩ ಮಾರ್ಚ್ ೧೯೮೬

ವಿರುಪಾಕ್ಷನಿಗೆ ಧನಪಾಲನ ಜಯ ಜಿನೇಂದ್ರ.

ಹನಿ ಸುರುವಾಗಿ ಹದಿನೈದು ದಿನವಾಯಿತು. ನನ್ನ ಕೈ ನಡುಗುತ್ತದೆ, ಹನಿ ಹುಬ್ಬಿಗೆ ಬೀಳುತ್ತದೆ. ಹಾಗಾಗಿ ತಂಗಿ ರಾಜಮತಿ ಹಾಕುತ್ತಾಳೆ. ಗಂಡ ತೀರಿದ ಮೇಲೆ ಅವಳು ನಮ್ಮಲ್ಲೇ ಇದ್ದಾಳೆ, ಊರ ಹೆಣ್ಣುಮಕ್ಕಳ ಸಾಲೆಗೆ ಮಾಸ್ತರಬಾಯಿ. 'ಕಣ್ಣ ತೆರಿ ಅಣ್ಣಾ, ಒಂದನೇ ಕ್ಲಾಸಿನ ಹುಡುಗೂರಕಿಂತಾ ಕಡಿ ಆದೆಲ್ಲ' ಎಂದು ಬೈಯುತ್ತಲೇ ಹಾಕುತ್ತಾಳೆ.

ನಿನಗೆ ಒಂದು ಮಾತು ಕೇಳಬೇಕಾಗಿದೆ. ನಗಬೇಡ. ಹನಿ ಬಿಟ್ಟು ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಇಳಿಯುತ್ತದೆ. ಹಗಲಲ್ಲಿ ಇಳಿದರೆ ಇಳಿಯಲಿ. ಆದರೆ ರಾತ್ರಿ ಹತ್ತರ ಹನಿಯೂ ಹಾಗೇ ಇಳಿಯುತ್ತದೆ. ಚಂದ್ರಮತಿ ಹೋಗುವ ಹಿಂದಿನ ದಿನ ನನ್ನ ಕೈ ಹಿಡಿದು, ತಾನು ನಡೆಸಿಕೊಂಡು ಬಂದ ನೇಮ ಈ ಮನೆಯಲ್ಲಿ ಮುರಿಯಬಾರದು ಎಂದಿದ್ದಳು. ಹೆಂಡತಿಗೆ ಬೇರೆ ಏನೂ ಕೊಟ್ಟವನಲ್ಲ ನಾನು. ಅಂದಿನಿಂದ ಆರು ವರ್ಷ, ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರೂ ನನ್ನ ಗಂಟಲು ದಾಟಿಲ್ಲ. ಈಗ ಈ ಹನಿ ದಾಟುತ್ತಿದೆ. ಇದು ನೇಮ ಮುರಿದಂತೆಯೋ, ಅಲ್ಲವೋ?

ಮುನಿ ಮಹಾರಾಜರನ್ನು ಕೇಳಬಹುದಿತ್ತು. ಅವರು ಕರುಣೆಯಿಂದ 'ಹಾಕಿಕೋ' ಅಂದುಬಿಟ್ಟಾರು. ಆಗ ಅದು ಅವರ ಕರುಣೆಯಾಯಿತು, ನನ್ನ ನೇಮವಾಗಲಿಲ್ಲ. ನೀನು ನಮ್ಮ ಪುರಾಣಗಳನ್ನು ನಮಗಿಂತ ಹೆಚ್ಚು ಓದಿದವನು, ಮೇಲಾಗಿ ಕರುಣೆ ಇಲ್ಲದವನು. ಇದ್ದದ್ದನ್ನು ಇದ್ದಂತೆ ಹೇಳುತ್ತಿ.

ಧನಪಾಲ


ನಿಪ್ಪಾಣಿ
೧೧ ಮಾರ್ಚ್ ೧೯೮೬

ಶ್ರಾವಕ ಶಿರೋಮಣಿ ಧನಪಾಲನಿಗೆ,

ನಿನ್ನ ಪ್ರಶ್ನೆ ಓದಿ ಎರಡು ದಿನ ಗ್ರಂಥಗಳ ಧೂಳು ಕುಡಿದೆ. ಹಗಲಲ್ಲೇ ಕುಡಿದೆ, ಚಿಂತಿಸಬೇಡ. ನಿರ್ಣಯ ಹೀಗಿದೆ.

ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ಸಂದಿ ಉಂಟು. ಮೂಗಿನಿಂದ ಗಂಟಲಿಗೆ ರಾಜಮಾರ್ಗ ಉಂಟು. ಗಂಟಲು ದಾಟಿದ್ದಕ್ಕೆ ಹೊಟ್ಟೆಯ ಹೊರತು ಬೇರೆ ಊರಿಲ್ಲ. ಹೊಟ್ಟೆ ಸೇರಿದ್ದು ಆಹಾರ. ನಾಲಿಗೆಗೆ ರುಚಿ ತಿಳಿಯಿತು ಎಂದರೆ ಅದು ಉಂಡದ್ದೇ. ಕಹಿಯಾದರೂ ರುಚಿಯೇ, ಹಾಗಲಕಾಯಿ ತಿಂದವನು ಉಪವಾಸಿಯಲ್ಲ. ಬಾಗಿಲು ಮುಚ್ಚಿ ಕಿಟಕಿಯಿಂದ ಊಟ ತರಿಸಿಕೊಳ್ಳುವವನನ್ನು ವ್ರತಸ್ಥ ಎನ್ನಲು ಯಾವ ಆಚಾರ್ಯನೂ ಒಪ್ಪಲಾರ. ಆದಕಾರಣ ಹೊತ್ತು ಮುಳುಗಿದ ಮೇಲೆ ಕಣ್ಣಿಗೆ ಬಿಟ್ಟ ಹನಿ ರಾತ್ರಿಭೋಜನವೇ ಆಗತಕ್ಕದ್ದು. ನೀನು ದಿನಾ ರಾತ್ರಿ ಹತ್ತಕ್ಕೆ ಎರಡು ಕಣ್ಣಿನಿಂದ ಎರಡು ತುತ್ತು ಉಣ್ಣುತ್ತಿರುವ ಖಾದಾಡ, ಹೊಟ್ಟೆಬಾಕ! ಚಂದ್ರಮತಿ ಮೇಲಿಂದ ನೋಡುತ್ತಿದ್ದರೆ, 'ನಾ ಹೋದ್ ಮ್ಯಾಲ ಇವರ ಊಟದ ದಾರಿನ ಬದಲಾತಲ್ಲ' ಅಂದುಕೊಂಡಾಳು. ಇತಿ ಶಾಸ್ತ್ರ.

ಸಮ್ಯಗ್ದರ್ಶನ ಬೇಕೋ, ಬರೀ ದರ್ಶನ ಸಾಕೋ, ನೀನೇ ಆರಿಸಿಕೋ. ನಾನಂತೂ ಕರ್ಮಿಷ್ಠ, ನಾಲ್ಕು ಹೊತ್ತೂ ಕಣ್ಣಿನಿಂದ ಉಣ್ಣುತ್ತೇನೆ.

ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಸ್ಟಾಫ್ ರೂಮಿನಲ್ಲಿ ಓದಿದೆ. ಭೂಗೋಳದ ಭೀಮಗೊಂಡ ಚಹಾ ಉಗುಳಿದ.

ನಿನ್ನ
ಪಂಡಿತ ವಿರುಪಾಕ್ಷಾಚಾರ್ಯ


ಶಿರಗುಪ್ಪಿ
೨೮ ಏಪ್ರಿಲ್ ೧೯೮೬

ವಿರುಪಾಕ್ಷ,

ನಿನ್ನ ಪತ್ರ ಮುಟ್ಟಿತು. ಮೊದಲಿನ ಮತ್ತು ಕಡೆಯ ನಾಲ್ಕು ಸಾಲು ಬಿಟ್ಟು ನಡುವಿನದನ್ನು ಮೂರು ಸಲ ಓದಿದೆ. ನೀನು ಎಷ್ಟು ಚ್ಯಾಷ್ಟಿ ಮಾಡಿದರೂ ವಿಷಯಕ್ಕೆ ಬಂದಾಗ ಬಿಗಿಯಾಗಿ ಬರೆಯುತ್ತಿ. ಸಂದಿ, ರಾಜಮಾರ್ಗ ಎಲ್ಲ ಸರಿಯಾಗಿದೆ. ಕಹಿ ಬರುವ ದಾರಿಯೂ ಅದೇ. ಪತ್ರವನ್ನು ದೇವರ ಕೋಣೆಯ ಗ್ರಂಥಗಳ ಜೊತೆ ಇಟ್ಟಿದ್ದೇನೆ.

ಮಿರಜಕ್ಕೆ ಹೋಗಿ ಬಂದೆ. ಒತ್ತಡ ಹದಿನಾರು. ಡಾಕ್ಟರು 'ಛಲೋ ಐತಿ, ಹಿಂಗ ನಡೀಲಿ' ಎಂದರು. ಉಳಿದಂತೆ ಕ್ಷೇಮ.

ಧನಪಾಲ


ನಿಪ್ಪಾಣಿ
೧೯ ನವೆಂಬರ್ ೧೯೮೭

ಧನ್ಯಾ,

ಗ್ರಂಥಗಳ ಜೊತೆ ನನ್ನ ಪತ್ರ! ಒಂದೂವರೆ ವರ್ಷವಾದರೂ ನೆನೆದು ನಗುತ್ತೇನೆ. ನಮ್ಮಪ್ಪ ಬದುಕಿದ್ದರೆ ಹೆಮ್ಮೆಯಿಂದ ಹೊಟ್ಟೆ ಉಬ್ಬಿ ಸಾಯುತ್ತಿದ್ದ. ನೀನು ನನ್ನ ಚ್ಯಾಷ್ಟಿಗೆ ಸರಿಯಾದ ಚ್ಯಾಷ್ಟಿಯನ್ನೇ ತಿರುಗಿ ಮಾಡಿದೆ ಎಂದು ಅಂದೇ ಅಂದುಕೊಂಡೆ.

ನಿನ್ನ ಅಂಕಿ ಹದಿನಾರು, ಹದಿನೈದು, ಹದಿನಾರು. ನನ್ನದು ಹದಿನೆಂಟು, ಹತ್ತೊಂಬತ್ತು. ರುಕ್ಮವ್ವ ಗಡಿಯಾರ ಹಿಡಿದು ಎದೆಯ ಮೇಲೆ ಕೂತು ಹಾಕುತ್ತಾಳೆ. ಹೋದ ವಾರ ತಂಬಾಕು ಧೂಳಿಗೆ ಕಣ್ಣುಜ್ಜಿಕೊಂಡೆನೆಂದು ಐದನೆಯ ಹನಿಯನ್ನೂ ದಂಡವಾಗಿ ಹಾಕಿದಳು. ಅಷ್ಟಾದರೂ ನಿನ್ನನ್ನು ಹಿಂದೆ ಹಾಕಲಾಗಲಿಲ್ಲ. ಸಿಕ್ಕಸಿಕ್ಕವರಿಗೆ ಹೇಳುತ್ತೇನೆ: ಔಷಧ ತಗೊಳ್ಳುವುದನ್ನು ಶಿರಗುಪ್ಪಿಯ ಜೈನನಿಂದ ಕಲಿಯಿರಿ, ಅವನಿಗೆ ಹನಿಯೂ ಒಂದು ವ್ರತ.

ನಿನ್ನ ಪತ್ರಗಳು ಮಾತ್ರ ಹನಿಯಂತೆಯೇ ಬರುತ್ತವೆ, ಒಂದೊಂದೇ ಸಾಲು. ಸ್ವಲ್ಪ ಸುರಿ.

ವಿರುಪಾಕ್ಷ


ಶಿರಗುಪ್ಪಿ
೯ ಜುಲೈ ೧೯೮೯

ವಿರುಪಾಕ್ಷ,

ಬರೆಯಲು ತಡವಾಯಿತು. ಬೇಸಿಗೆಯಲ್ಲಿ ಕಾರ್ಖಾನೆಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಲಿ ಬದಿಯಿಂದ ಬಂದದ್ದು ಕಾಣಲಿಲ್ಲ. ಭುಜಕ್ಕೆ ಬಡಿಯಿತು, ಎಲುಬು ಕೂಡಿದೆ. ಡ್ರೈವರ ಇಳಿದು ಬಂದು 'ಕಣ್ಣ ಎಲ್ಲಿಟ್ಟೀರಿ ಸಾವಕಾರ್ರ?' ಎಂದ. ಮುಖದಲ್ಲೇ ಇವೆ ಎಂದೆ.

ಮಿರಜದ ಡಾಕ್ಟರು ಗೋಲದೊಳಗೆ ಮುಖ ಇಡಿಸಿ, ಚುಕ್ಕಿ ಕಂಡಾಗ ಗುಂಡಿ ಒತ್ತಿಸಿ ನೋಡಿದರು. ನಾನು ಒತ್ತಿದ್ದು ಕಡಿಮೆ. ಒತ್ತಡ ಹದಿನಾರೇ ಇದೆ, ನೋಟ ಮಾತ್ರ ಅಂಚಿನಿಂದ ಸುಟ್ಟ ಕಾಗದದಂತೆ ಒಳಗೆ ಬರುತ್ತಿದೆ. ಅವರಿಗೇ ಗೊಂದಲ. 'ನಾಕೂ ಹೊತ್ತು ತಪ್ಪದ ಹಾಕ್ತೀರೇನ್ರಿ?' ಎಂದು ಮೂರು ಸಲ ಕೇಳಿದರು. ಮೂರು ಸಲವೂ ಹೌದ್ರಿ ಎಂದೆ. ಪಕ್ಕದಲ್ಲಿ ರಾಜಮತಿ ಕೂತಿದ್ದಳು. ಅವಳು ಹನಿಯ ಬಾಟಲಿಯನ್ನು ಚೀಲದೊಳಗೆ ಇಟ್ಟುಕೊಂಡಳು.

ಆಪರೇಷನ್ ಮಾಡೋಣ ಎಂದಿದ್ದಾರೆ. ಬರುವ ಕಬ್ಬಿನ ಹಂಗಾಮು ಮುಗಿಯಲಿ ಎಂದಿದ್ದೇನೆ.

ಧನಪಾಲ


ನಿಪ್ಪಾಣಿ
೨ ಆಗಸ್ಟ್ ೧೯೮೯

ಧನ್ಯಾ,

ಅಕ್ಕಪಕ್ಕದವರು ಕಾಣುವುದಿಲ್ಲವೆಂದರೆ ನೀನು ಪುಣ್ಯವಂತ. ನನ್ನ ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎಂದು ನಿನಗೆ ಗೊತ್ತಲ್ಲ. ಒಂದು ಬದಿಗೆ ರುಕ್ಮವ್ವ, ಇನ್ನೊಂದು ಬದಿಗೆ ಅವಳ ಅವ್ವ. ಅದಲುಬದಲು ಮಾಡಿಕೊಳ್ಳೋಣವೇ?

ಭುಜ ಹೇಗಿದೆ? ಡಾಕ್ಟರು ಗೊಂದಲಗೊಂಡರೆ ಡಾಕ್ಟರನ್ನು ಬದಲಿಸು. ಔಷಧ ಸರಿಯಾಗಿ ಹಾಕಿಕೊಳ್ಳುವ ನಿನ್ನಂಥವನಿಗೇ ಹೀಗಾದರೆ ತಪ್ಪು ಔಷಧದ್ದೇ ಇರಬೇಕು. ಆಪರೇಷನ್‌ಗೆ ಹಂಗಾಮು ಕಾಯಬೇಡ. ಕಬ್ಬು ಕಣ್ಣು ಬಿಟ್ಟು ನಿನಗಾಗಿ ಕೂತಿಲ್ಲ.

ವಿರುಪಾಕ್ಷ


ಶಿರಗುಪ್ಪಿ
೧೪ ಜನವರಿ ೧೯೯೨

ವಿರುಪಾಕ್ಷನಿಗೆ,

ಅಕ್ಷರ ರಾಜಮತಿಯದು, ಮಾತು ನನ್ನದು. ಕಳೆದ ಶ್ರಾವಣದಿಂದ ನನಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಎರಡೂ ಕಣ್ಣು ಹೋದವು. ಆಪರೇಷನ್ ಮಾಡಿಸಿದೆ, ತಡವಾಗಿತ್ತು. ನಿನಗೆ ಬರೆಯಬೇಡ ಎಂದು ನಾನೇ ಹೇಳಿದ್ದೆ. ನೀನು ಬಂದು ನಗಿಸುತ್ತಿದ್ದಿ, ನಗುವ ಮನಸ್ಸಿರಲಿಲ್ಲ.

ಈಗ ಮನಸ್ಸು ತಿಳಿಯಾಗಿದೆ, ನಿನಗೊಂದು ಕೃತಜ್ಞತೆ ಹೇಳುವುದಿದೆ. ನಿನ್ನ ನಿರ್ಣಯ ಬಂದ ದಿನದಿಂದ ಹೊತ್ತು ಮುಳುಗಿದ ಮೇಲೆ ನಾನು ಹನಿ ಹಾಕಿಸಿಕೊಂಡಿಲ್ಲ. ರಾತ್ರಿ ಹತ್ತರದು ಅಂದೇ ನಿಂತಿತು. ಚಳಿಗಾಲದಲ್ಲಿ ಆರಕ್ಕೇ ಕತ್ತಲಾಗುತ್ತದೆ, ಆಗ ಸಂಜೆಯದೂ ಇಲ್ಲ, ಬೆಳಗಿನದು ಹೊತ್ತು ಹುಟ್ಟಿದ ಮೇಲೆಯೇ. ಅಷ್ಟಮಿ, ಚತುರ್ದಶಿಯ ಉಪವಾಸಕ್ಕೆ ನಾಲ್ಕೂ ಇಲ್ಲ. ದಶಲಕ್ಷಣ ಪರ್ವದ ಹತ್ತೂ ದಿನ ಬಾಟಲಿ ಮುಟ್ಟಲಿಲ್ಲ. ಹನಿ ಊಟವೇ ಆದ ಮೇಲೆ ಉಪವಾಸದ ದಿನ ಹೇಗೆ ಹಾಕಿಕೊಳ್ಳಲಿ? ಮಿರಜಕ್ಕೆ ಹೋಗುವ ಮೊದಲು ಮಾತ್ರ ಮೂರು ದಿನ ಹಗಲಿನ ಹನಿಯನ್ನೇ ಒಂದಕ್ಕೆರಡು ಮಾಡಿ ಹಾಕಿಸಿಕೊಂಡು ಹೋಗುತ್ತಿದ್ದೆ. ಡಾಕ್ಟರಿಗೆ ಬೇಜಾರಾಗಬಾರದು ನೋಡು. ಅದಕ್ಕೇ ಅಂಕಿ ಛಲೋ ಬರುತ್ತಿತ್ತು. ಇದೊಂದು ಸುಳ್ಳು ನನ್ನ ಲೆಕ್ಕಕ್ಕೆ ಇದೆ.

ಕಣ್ಣು ಹೋದವು, ಕೊಟ್ಟ ಮಾತು ಉಳಿಯಿತು. ಚಂದ್ರಮತಿಗೆ ಮುಖ ತೋರಿಸಬಲ್ಲೆ. ನೀನು ಗೆಳೆತನಕ್ಕೆ ಮೆತ್ತಗಾಗಿ 'ಔಷಧ ಅಲ್ಲೇನೋ, ಹಾಕ್ಕೋ' ಎಂದಿದ್ದರೆ ಈ ನೆಮ್ಮದಿ ಸಿಗುತ್ತಿರಲಿಲ್ಲ.

ಇನ್ನೊಂದು. ಇದು ರಕ್ತದಲ್ಲೇ ಬರುವ ರೋಗವಂತೆ. ಡಿಸೆಂಬರಿನಲ್ಲಿ ರಾಜಮತಿಯನ್ನು ಪರೀಕ್ಷೆ ಮಾಡಿದರು. ಅವಳಿಗೂ ಇದೆ, ಈಗಷ್ಟೇ ಸುರುವಾಗಿದೆ. ಅವಳು ನಾಲ್ಕೂ ಹೊತ್ತು ಹಾಕಿಕೊಳ್ಳುವ ವಿಚಾರದಲ್ಲಿದ್ದಳು. ನಿನ್ನ ಪತ್ರ ತೆಗೆಸಿ ಅವಳಿಂದಲೇ ಗಟ್ಟಿಯಾಗಿ ಓದಿಸಿದೆ. ಕೈ ಮುಗಿದು ಬಾಟಲಿ ಮುಚ್ಚಿದಳು. ಈಗ ಇಬ್ಬರದೂ ಒಂದೇ ನೇಮ.

ಧನಪಾಲ


ನಿಪ್ಪಾಣಿ
೨೩ ಜನವರಿ ೧೯೯೨

ಧನಪಾಲ,

ಈ ಪತ್ರದಲ್ಲಿ ಒಂದೂ ಚ್ಯಾಷ್ಟಿ ಇಲ್ಲ. ರಾಜಮತಿ, ಇದನ್ನು ಒಂದಕ್ಷರ ಬಿಡದೆ ನಿಮ್ಮ ಅಣ್ಣನಿಗೆ ಓದಿ ಹೇಳಿ.

೧೯೮೬ರಲ್ಲಿ ನಾನು ಬರೆದದ್ದು ಶಾಸ್ತ್ರವಲ್ಲ. ಒಂದು ಗ್ರಂಥವನ್ನೂ ತೆರೆದು ನೋಡಿರಲಿಲ್ಲ. ನಿನ್ನ ಪ್ರಶ್ನೆ ಓದಿದಾಗ ನಗು ಬಂತು, ನಗು ಬಂದದ್ದನ್ನು ಬರೆದೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ನಕ್ಕರು, ಅಷ್ಟೇ ನನಗೆ ಬೇಕಾಗಿತ್ತು. ನೀನು ನಂಬುತ್ತಿ ಎಂದು ಅನ್ನಿಸಲಿಲ್ಲ ಎಂದು ಬರೆಯಲು ಹೊರಟೆ; ಅದೂ ಪೂರ್ತಿ ನಿಜವಲ್ಲ. ಗ್ರಂಥಗಳ ಜೊತೆ ಇಟ್ಟಿದ್ದೇನೆ ಎಂದು ನೀನು ಬರೆದಾಗ ಒಂದು ಕ್ಷಣ ಅನ್ನಿಸಿತು. ಕೇಳಿದರೆ ಚ್ಯಾಷ್ಟಿಯ ಸೊಗಸು ಹೋಗುತ್ತದೆ ಎಂದು ಕೇಳಲಿಲ್ಲ.

ಇನ್ನೂ ಕೆಟ್ಟದ್ದು ಇದೆ. ಗಂಟಲಿಗೆ ಕಹಿ ಬರುವುದನ್ನು ನಾನೂ ಕೊಲ್ಲಾಪುರದ ಡಾಕ್ಟರಿಗೆ ಹೇಳಿದ್ದೆ, ನಿನ್ನ ಪತ್ರ ಬರುವ ಮೊದಲೇ. 'ಹನಿ ಬಿಟ್ಟ ಮ್ಯಾಲ ಕಣ್ಣ ಮುಚ್ಚಿ, ಮೂಗಿನ ಬದಿಯ ಮೂಲಿ ಬಟ್ಟಿನಿಂದ ಎರಡ ಮಿನಿಟ ಒತ್ತಿ ಹಿಡೀರಿ, ಗಂಟಲಿಗೆ ಇಳಿಯೂದಿಲ್ಲ' ಎಂದಿದ್ದರು. ಆರು ವರ್ಷದಿಂದ ಒತ್ತಿ ಹಿಡಿಯುತ್ತಿದ್ದೇನೆ. ಒಂದು ಹನಿ ಕಹಿ ಕಂಡಿಲ್ಲ. ಇದನ್ನು ಬರೆದಿದ್ದರೆ ನಿನ್ನ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು, ನನ್ನ ಪತ್ರವೂ ಮುಗಿಯುತ್ತಿತ್ತು. ಅದಕ್ಕೇ ಬರೆಯಲಿಲ್ಲ.

ನನ್ನ ನೋಟ ಇದ್ದಲ್ಲೇ ಇದೆ. ನಿನ್ನದನ್ನು ತಂದುಕೊಡಲು ನನ್ನಿಂದಾಗದು. ರಾಜಮತಿಯದು ಉಳಿಯಬಹುದು. ಇವತ್ತಿನಿಂದಲೇ ಅವರಿಗೆ ನಾಲ್ಕೂ ಹೊತ್ತು ಹಾಕಿಸು. ಬೇಕಾದರೆ ಮುನಿಗಳನ್ನು ಕೇಳು, ಊರೆಲ್ಲ ಕೇಳು. ನನ್ನನ್ನು ಮಾತ್ರ ನಂಬಬೇಡ.

ವಿರುಪಾಕ್ಷಪ್ಪ


ಶಿರಗುಪ್ಪಿ
೧೬ ಮಾರ್ಚ್ ೧೯೯೨

ಲೇ ವಿರ್ಪ್ಯಾ,

ನಿನ್ನ ಪತ್ರವನ್ನು ರಾಜಮತಿ ಪಡಸಾಲೆಯಲ್ಲಿ ಓದಿದಳು. ಪಕ್ಕದ ಮನೆಯ ಭಾವುಸಾಹೇಬನೂ ಕೂತಿದ್ದ. 'ಒಂದೂ ಚ್ಯಾಷ್ಟಿ ಇಲ್ಲ' ಎಂಬ ಮೊದಲ ಸಾಲಿಗೇ ನಾನು ಹಿಡಿದುಬಿಟ್ಟೆ. ಹಾಸ್ಟೆಲಿನಿಂದ ಇಲ್ಲಿತನಕ ನೀನು ಹಾಗೆ ಸುರು ಮಾಡಿದ್ದೆಲ್ಲ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತಿಲ್ಲವೇ?

ಭಾವುಸಾಹೇಬನಿಗೆ ಮೊದಲು ತಿಳಿಯಲಿಲ್ಲ. 'ಹಂಗಾರ ಕಾಕಾ, ಇದು ಖರೇ ಏನ್ರಿ?' ಎಂದು ಗಾಬರಿಯಾದ. 'ಖರೇ ಎಲ್ಲಿಂದಲೇ! ಮೂಗ ಒತ್ತಿದ್ರ ಗಂಟಲ ಮುಚ್ಚತೈತಂತ! ಅಂವಾ ಹಿಂಗ ಮಾರಿ ಬಿಗದ ಹೇಳ್ತಾನ, ನಾವು ಹೂಂ ಅಂದ್ವಿ ಅಂದ್ರ ವರ್ಷಗಟ್ಲೆ ಆಡಕೊಂಡ ನಗ್ತಾನ' ಎಂದೆ. ಆಗ ಅವನೂ ನಕ್ಕ. 'ಮಾಸ್ತರ ಭಾರಿ ಅದಾರ ಬಿಡ್ರಿ, ಅಳು ಬರೂಹಂಗ ಬರದ ನಗಸ್ತಾರ!' ಎಂದು ಚಪ್ಪಾಳೆ ತಟ್ಟಿದ. ಶ್ರಾವಣದಿಂದ ನಾನು ನಕ್ಕದ್ದು ಅದೇ ಮೊದಲು.

ಆದರೂ ಈ ಸಲ ಸ್ವಲ್ಪ ಬಿರುಸಾಯಿತು. ಹೆಣ್ಣುಮಕ್ಕಳು ಕೇಳುವಂಥದ್ದಲ್ಲ. ಮುನಿಗಳನ್ನು ಕೇಳು ಎಂದು ಬರೆದೆಯಲ್ಲ. ಆರು ವರ್ಷ ಕೇಳದವನು ಈಗ ಏನೆಂದು ಕೇಳಲಿ? ರಾಜಮತಿ ಆ ಸಂಜೆ ಬಾಟಲಿ ತೆಗೆದ ಸಪ್ಪಳ ಕೇಳಿಸಿತು. ಕರೆದು ಕೈಯಿಂದ ಇಸಕೊಂಡೆ. ಈಗ ಹೊತ್ತು ಮುಳುಗಿದ ಕೂಡಲೇ ಬಾಟಲಿ ನನ್ನ ಅಂಗಿಯ ಕಿಸೆಗೆ, ಹೊತ್ತು ಹುಟ್ಟಿದ ಮೇಲೆ ಅವಳ ಕೈಗೆ. ಭೋಳೆ ಸ್ವಭಾವದವಳು, ಕಾಯಬೇಕು.

ಧನಪಾಲ

ವಿರುಪಾಕ್ಷಣ್ಣನವರಿಗೆ ರಾಜಮತಿಯ ನಮಸ್ಕಾರ. ಈ ಬೆನ್ನಿನ ಹಾಳೆ ಅಣ್ಣನಿಗೆ ಗೊತ್ತಿಲ್ಲ.

ನೀವು ಹೇಳಿದಂತೆ ಮಧ್ಯಾಹ್ನದ ಹನಿಗೆ ಮೂಗಿನ ಬದಿ ಒತ್ತಿ ಹಿಡಿದು ನೋಡಿದೆ. ಕಹಿ ಬರಲಿಲ್ಲ. ಹಾಗಾಗಿ ನಿಮ್ಮ ಪತ್ರ ಖರೆ ಎಂದು ನನಗೆ ಗೊತ್ತು. ಅಣ್ಣನಿಗೂ ಗೊತ್ತಿದೆಯೋ ಏನೋ. ಪಡಸಾಲೆಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವನು ಅವನೇ, ಎಲ್ಲರೂ ನಿಲ್ಲಿಸಿದ ಮೇಲೂ ನಕ್ಕ. ಮಾರನೆಯ ದಿನ ಇನ್ನೊಮ್ಮೆ ಓದು ಎಂದ. ಮೂಗಿನ ಮಾತು ಬಂದಾಗ ನನ್ನ ಮುಂಗೈ ಹಿಡಿದ. 'ಏ ರಾಜಮತಿ, ಇದು ಚ್ಯಾಷ್ಟಿನ ಹೌದಲ್ಲ?' ಎಂದ. ಕೈ ಬಿಡಲೇ ಇಲ್ಲ. 'ಹೌದಣ್ಣಾ, ಅವರ ಚ್ಯಾಷ್ಟಿನ' ಎಂದೆ. ಬಿಟ್ಟ.

ಇನ್ನೊಂದು ಬಾಟಲಿ ತರಿಸಿ ಕದ್ದು ಹಾಕಿಕೊಳ್ಳಬಹುದು ಎಂದು ನೀವು ಬರೆಯುತ್ತೀರಿ. ಆದೀತು. ವರ್ಷ ಕಳೆದ ಮೇಲೆ ಅವನು 'ನಿನಗ ಈಗ ಎಷ್ಟ ಕಾಣತೈತಿ?' ಎಂದು ಕೇಳುತ್ತಾನೆ. ಎಲ್ಲಾ ಕಾಣುತ್ತದೆ ಎಂದರೆ ಅವನು ಯಾತಕ್ಕೆ ಕುರುಡಾದ ಎಂದು ಅವನಿಗೆ ತಿಳಿಯುತ್ತದೆ. ಅವನ ಬಳಿ ಈಗ ಆ ನೇಮವೊಂದೇ ಇದೆ. ಅದನ್ನು ಯಾರದೋ ಸ್ಟಾಫ್ ರೂಮಿನ ನಗುವಾಗಿ ಮಾಡಿ ಅವನ ಕೈಗೆ ಕೊಡಲು ನನ್ನಿಂದಾಗದು. ನಿಮ್ಮಿಂದಾದರೆ ನೋಡಿ.

ಆಗದಿದ್ದರೆ ಒಂದು ಕಾರ್ಡು ಬರೆಯಿರಿ, ಮೊದಲಿನ ಹಾಗೆ, ನಗುವ ಹಾಗೆ. ಅಣ್ಣ ನನ್ನ ಮಾತನ್ನು ಪೂರ್ತಿ ನಂಬಿಲ್ಲ. ದಿನಾ 'ವಿರ್ಪ್ಯಾನ ಪತ್ರ ಬಂತೇನು?' ಎನ್ನುತ್ತಾನೆ, ಊಟ ಅರ್ಧಕ್ಕೇ ಬಿಡುತ್ತಾನೆ. ಕಾರ್ಡನ್ನು ಭಾವುಸಾಹೇಬನಿಂದ ಓದಿಸುತ್ತೇನೆ. ಹನಿಯ ವಿಷಯ ಸ್ಪಷ್ಟವಾಗಿ ಬರೆಯಿರಿ.

ರಾಜಮತಿ


ನಿಪ್ಪಾಣಿ
೬ ಏಪ್ರಿಲ್ ೧೯೯೨
(ಅಂಚೆ ಕಾರ್ಡು)

ಲೇ ಧನ್ಯಾ,

ಸಿಕ್ಕಿಬಿದ್ದೆನಲ್ಲೋ! ಎರಡು ತಾಸು ಮುಖ ಬಿಗಿದು, ಕಣ್ಣಲ್ಲಿ ನೀರು ತಂದುಕೊಂಡು ಬರೆದ ಪತ್ರ, ಮೊದಲ ಸಾಲಿಗೇ ಹಿಡಿದುಬಿಟ್ಟೆಯಾ? ಕಣ್ಣಿಲ್ಲದವನ ಕಣ್ಣಿಗೆ ಮಣ್ಣೆರಚಲು ಹೋದೆ ನೋಡು, ಬುದ್ಧಿ ನನಗೇ ಇಲ್ಲ. ಭಾವುಸಾಹೇಬ ಗಾಬರಿಯಾದನಂತಲ್ಲ, ಅಷ್ಟಾದರೂ ಸಾರ್ಥಕವಾಯಿತು. ಮೂಗು ಒತ್ತಿದರೆ ಗಂಟಲು ಮುಚ್ಚುವ ವಿದ್ಯೆ ರುಕ್ಮವ್ವನ ಗೊರಕೆ ನಿಲ್ಲಿಸಲು ನಾನು ಕಂಡುಹಿಡಿದದ್ದು. ಅಲ್ಲೂ ಫಲ ಕೊಟ್ಟಿಲ್ಲ. ಹೊಟ್ಟೆ ತುಂಬ ಉಣ್ಣು. ೧೯೮೬ರ ನಿರ್ಣಯದಲ್ಲಿ ಒಂದಕ್ಷರ ತಪ್ಪಿಲ್ಲ, ಹಾಗೇ ನಡೆಸು. ರಾಜಮತಿಗೂ ಹೇಳು, ಹಗಲಿನ ಹನಿಯೇ ಸಾಕು.

ನಿನ್ನ
ಪಂಡಿತ ವಿರುಪಾಕ್ಷಾಚಾರ್ಯ